ತಲೆಗೆ ಮೂರು ರೂಪಾಯಿ ಮೂವತ್ತಮೂರು ಪೈಸೆ

ಸಂಸಾರಸ್ಥರ ಮನೆಯಲ್ಲಿ ತಿಂಗಳ ಮೊದಲ ವಾರಕ್ಕೆ ಇರುವ ಕಳೆ ಕೊನೆಯ ವಾರಕ್ಕೆ ಇರುವುದಿಲ್ಲ. ಅಕ್ಕಿಯ ಡಬ್ಬದ ತಳ ಕಾಣುವ ಹೊತ್ತಿಗೆ ಸಂಬಳದ ದಿನ ಇನ್ನೂ ದೂರವಿರುತ್ತದೆ. ಅದೇ ದಿನ ಬಾಗಿಲಲ್ಲಿ ನೆಂಟರೂ ಬಂದು ನಿಲ್ಲುತ್ತಾರೆ. ಆಗ ಗೃಹಿಣಿಯನ್ನು ಕಾಪಾಡುವುದು ಯಜಮಾನರ ಸಂಬಳದ ಮೊತ್ತವಲ್ಲ, ಸಾಸಿವೆಯ ಡಬ್ಬದಲ್ಲಿ ಆಕೆ ಎತ್ತಿಟ್ಟ ನೂರಿನ್ನೂರು ರೂಪಾಯಿ. ದೊಡ್ಡ ಹಣ ಮನೆಯನ್ನು ನಡೆಸುತ್ತದೆ, ನಿಜ. ಆದರೆ ಹೊತ್ತಿಗೊದಗಿ ಮಾನ ಉಳಿಸುವುದು ಕೈಗೆಟಕುವ ಚಿಕ್ಕ ಹಣವೇ. ಮನೆಗೆ ಸಲ್ಲುವ ಈ ಮಾತು ಸರ್ಕಾರಕ್ಕೂ ಸಲ್ಲುತ್ತದೆಂಬುದನ್ನು ಬೆಂಗಳೂರಿನ ರಾಜಾಜಿನಗರದ ಒಂದು ಮನೆಯವರು ಒಂದು ಭಾನುವಾರ ಬೆಳಿಗ್ಗೆ ಅರಿತುಕೊಂಡರು.

ಆ ಮನೆಯ ಹುಡುಗ ಶಾಲೆಯ ಭಾಷಣ ಸ್ಪರ್ಧೆಗೆ ಸಿದ್ಧನಾಗುತ್ತಿದ್ದ. ವಿಷಯ, ‘ಜನರ ಆರೋಗ್ಯಕ್ಕೆ ಸರ್ಕಾರದ ವೆಚ್ಚ’. ತಂದೆ ಅಂಕಿಗಳನ್ನು ಓದಿ ಹೇಳುತ್ತಿದ್ದರು, ಮಗ ಬರೆದುಕೊಳ್ಳುತ್ತಿದ್ದ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ದೇಶದ ಒಟ್ಟು ಉತ್ಪನ್ನದ ಶೇಕಡ 2.5ರಷ್ಟನ್ನು ಸರ್ಕಾರಗಳು 2025ರ ವೇಳೆಗೆ ಆರೋಗ್ಯಕ್ಕೆ ವಿನಿಯೋಗಿಸಬೇಕೆಂದು ಗುರಿಯಿಟ್ಟಿತ್ತು. ಅದರಲ್ಲಿ ಮೂರನೆಯ ಎರಡು ಪಾಲು ಪ್ರಾಥಮಿಕ ಚಿಕಿತ್ಸೆಗೆ ಸಲ್ಲಬೇಕೆಂದಿತ್ತು. ಗುರಿಯ ವರ್ಷವು ಬಂದಿತು, ಗುರಿಯು ಬರಲಿಲ್ಲ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ ಐದು ವರ್ಷಗಳಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು 70,051 ಕೋಟಿ ರೂಪಾಯಿಗಳ ಅನುದಾನವನ್ನು ಶಿಫಾರಸು ಮಾಡಿತು. ಈ ಕೊನೆಯ ಅಂಕಿಯನ್ನು ಪೂರ್ತಿಯಾಗಿ ಬರೆಯಲು ಹೊರಟ ಹುಡುಗ ಸೊನ್ನೆಗಳಲ್ಲಿ ದಾರಿತಪ್ಪಿದ.

ಪಕ್ಕದಲ್ಲಿ ಕುಳಿತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಅಜ್ಜಿ ಆಗ ಬಾಯಿ ತೆರೆದರು:

“ಅಷ್ಟು ಸೊನ್ನೆ ನಾನು ಕಂಡವಳಲ್ಲ ಮಗು. ನನ್ನ ಕೈಗೆ ಬರುತ್ತಿದ್ದುದು ವರ್ಷಕ್ಕೆ ಹತ್ತು ಸಾವಿರ.”

ಅಜ್ಜಿ ಮಲೆನಾಡಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕಾಗದದ ಮೇಲೆ ಅವರ ಹುದ್ದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ನರ್ಸಮ್ಮ. ಗುಡ್ಡಗಾಡಿನಲ್ಲಿ ಮೂರು ಸಾವಿರ ಜನರಿಗೆ ಒಂದು ಉಪಕೇಂದ್ರವಿರಬೇಕೆಂಬುದು ನಿಯಮ. ಆ ಮೂರು ಸಾವಿರ ಜನರ ಬಸಿರು, ಬಾಣಂತನ, ಚುಚ್ಚುಮದ್ದು, ಜ್ವರ, ಭೇದಿ ಎಲ್ಲವೂ ಮೊದಲು ಬರುತ್ತಿದ್ದುದು ಆ ಎರಡು ಕೋಣೆಯ ಹೆಂಚಿನ ಕಟ್ಟಡಕ್ಕೆ. ಕಟ್ಟಡ ಸರ್ಕಾರದ್ದು, ಸಂಬಳ ಸರ್ಕಾರದ್ದು, ಔಷಧವೂ ಸರ್ಕಾರದ್ದು. ಆದರೆ ದೀಪದ ಬಲ್ಬು ಸುಟ್ಟುಹೋದರೆ ಹೊಸ ಬಲ್ಬು ಯಾರದು? ನಲ್ಲಿ ಕೆಟ್ಟರೆ ದುರಸ್ತಿಯ ಕೂಲಿ ಯಾರದು? ಬಹುಕಾಲ ಇದಕ್ಕೆ ಉತ್ತರವಿರಲಿಲ್ಲ. ಅರ್ಜಿ ಬರೆದರೆ ಮೇಲಿನ ಕಛೇರಿಗೆ ಹೋಗುತ್ತಿತ್ತು; ಬಲ್ಬು ಬರುವಷ್ಟರಲ್ಲಿ ಎಷ್ಟೋ ಹೆರಿಗೆಗಳು ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಆಗಿಹೋಗುತ್ತಿದ್ದವು.

2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಅದರ ದೊಡ್ಡ ಯೋಜನೆಗಳ ನಡುವೆ ಒಂದು ಪುಟ್ಟ ಏರ್ಪಾಡೂ ಇದ್ದಿತು. ಪ್ರತಿ ಉಪಕೇಂದ್ರಕ್ಕೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿಗಳ ‘ಮುಕ್ತ ನಿಧಿ’. ಇಂಥದಕ್ಕೇ ಎಂದು ಮೇಲಿನಿಂದ ಗಂಟು ಹಾಕದ ಹಣ. ನರ್ಸಮ್ಮ ಮತ್ತು ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಜಂಟಿ ಖಾತೆಯಲ್ಲಿ ಅದು ಜಮೆಯಾಗುತ್ತಿತ್ತು. ಬಲ್ಬು, ನಲ್ಲಿ, ಬ್ಯಾಂಡೇಜು, ಬ್ಲೀಚಿಂಗ್ ಪುಡಿ, ಹೆರಿಗೆಯಾದ ಮೇಲೆ ಕೋಣೆ ತೊಳೆಯುವವರ ಕೂಲಿ, ತುರ್ತು ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವ ಬಾಡಿಗೆ, ಇವಕ್ಕೆಲ್ಲ ಅದನ್ನು ಬಳಸಬಹುದಿತ್ತು. ಸಂಬಳಕ್ಕಾಗಲಿ, ವಾಹನ ಕೊಳ್ಳುವುದಕ್ಕಾಗಲಿ, ಪಂಚಾಯಿತಿಯ ಸ್ವಂತ ಖರ್ಚಿಗಾಗಲಿ ಬಳಸುವಂತಿರಲಿಲ್ಲ.

“ಮೂರು ಸಾವಿರ ಜನಕ್ಕೆ ಹತ್ತು ಸಾವಿರ,” ಎಂದು ಹುಡುಗ ಲೆಕ್ಕ ಹಾಕಿದ. “ತಲೆಗೆ ಮೂರು ರೂಪಾಯಿ ಮೂವತ್ತಮೂರು ಪೈಸೆ! ವರ್ಷಕ್ಕೆ!”

“ಒಂದು ಲೋಟ ಕಾಫಿಯೂ ಬರುವುದಿಲ್ಲವಲ್ಲ ಅತ್ತೆ,” ಎಂದಳು ಸೊಸೆ.

ಅಜ್ಜಿ ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತಂದರು. ಅದರ ಮೊದಲ ಪುಟದ ಮೊದಲ ಬಾಬ್ತು: ‘ಪರದೆ ಬಟ್ಟೆ, ಕಂಬಿ, ಹೊಲಿಗೆ ಸೇರಿ ರೂ. 340’. ಅಲ್ಲಿಯವರೆಗೆ ಬಸುರಿಯರನ್ನು ಪರೀಕ್ಷಿಸುವ ಮಂಚಕ್ಕೆ ಮರೆಯೇ ಇರಲಿಲ್ಲ. ಹೊರಗಿನ ಜಗುಲಿಯ ಮೇಲೆ ಗಂಡಸರು ಕುಳಿತಿದ್ದರೆ ಎಷ್ಟೋ ಹೆಣ್ಣುಮಕ್ಕಳು ಬಾಗಿಲ ತನಕ ಬಂದು ಹಿಂದಿರುಗುತ್ತಿದ್ದರು. ನೀಲಿ ಬಟ್ಟೆಯ ಆ ಪರದೆ ಬಂದ ಮೇಲೆ ಅವರು ಹಿಂದಿರುಗಲಿಲ್ಲ. ವೈದ್ಯಶಾಸ್ತ್ರದ ಯಾವ ಗ್ರಂಥದಲ್ಲಿಯೂ ಪರದೆ ಔಷಧವೆಂದು ಹೇಳಿಲ್ಲ. ಆದರೆ ಆ ಊರಿನ ಸ್ತ್ರೀಯರಿಗೆ ಮಿಕ್ಕೆಲ್ಲ ಔಷಧವೂ ದೊರಕಿದ್ದು ಅದರ ಮರೆಯಲ್ಲಿಯೇ.

ಹುಡುಗ ಪುಟ ಮಗುಚುತ್ತ ಒಂದು ಕಡೆ ನಿಂತ. ಅಲ್ಲಿ ಕೆಂಪು ಶಾಯಿಯಲ್ಲಿ ‘ಜೀಪು, ರೂ. 600’ ಎಂದು ಬರೆದು, ಅದರ ಮುಂದೆ ‘ಸ್ವಂತ’ ಎಂದು ಸೇರಿಸಿದ್ದಿತು.

ಅದು 2007ರ ಆಷಾಢ. ಮೂರು ದಿನಗಳಿಂದ ಮಳೆ ಹಿಡಿದಿತ್ತು. ಅಡಕೆ ತೋಟದಲ್ಲಿ ಕೂಲಿ ಮಾಡುವವನ ಹೆಂಡತಿ, ಚೊಚ್ಚಲ ಹೆರಿಗೆ. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದರೂ ಮಗು ಕೆಳಗಿಳಿದಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಒಯ್ಯದೆ ಗತಿಯಿಲ್ಲವೆಂದು ನರ್ಸಮ್ಮನಿಗೆ ಸಂಜೆಯ ವೇಳೆಗೆ ಖಚಿತವಾಯಿತು. 108ರ ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಆಗ ಇದ್ದುದು ಊರಿನ ಒಂದೇ ಒಂದು ಜೀಪು. ಅದರ ಯಜಮಾನ ಕೆಟ್ಟವನಲ್ಲ, ಆದರೆ ಹಿಂದೆ ಎರಡು ಸಲ ಸಾಲ ಹೇಳಿದವರು ಕೊಡದೆ ಹೋಗಿದ್ದರು. ಆರುನೂರು ರೂಪಾಯಿ ಕೈಗೆ ಬಂದರೆ ಹೊರಡುವೆನೆಂದ.

ಖಾತೆಯಲ್ಲಿ ಹಣವಿದ್ದಿತು. ಆದರೆ ಅದನ್ನು ತೆಗೆಯಲು ಎರಡು ರುಜು ಬೇಕಿದ್ದಿತು. ಪಂಚಾಯಿತಿಯ ಅಧ್ಯಕ್ಷೆ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಬ್ಯಾಂಕಿನ ಬಾಗಿಲು ಮುಚ್ಚಿ ಎರಡು ಗಂಟೆಯಾಗಿತ್ತು. ದೆಹಲಿಯಿಂದ ಹೊರಟು, ರಾಜ್ಯ, ಜಿಲ್ಲೆ, ತಾಲ್ಲೂಕು ಎಲ್ಲವನ್ನೂ ದಾಟಿ ಬಂದ ಹಣ ಕೊನೆಯ ಒಂದು ಮೈಲಿಯನ್ನು ದಾಟಲಾರದೆ ನಿಂತಿತು. ನಾಲೆಯ ಕೊನೆಯ ಗದ್ದೆಯವನ ಪಾಡು ಇದೇ. ಕಟ್ಟೆ ತುಂಬಿದೆಯೆಂದು ಊರೆಲ್ಲ ಹೇಳುತ್ತದೆ. ಅವನ ಪೈರು ಮಾತ್ರ ಬಾಡುತ್ತಿರುತ್ತದೆ.

ನರ್ಸಮ್ಮ ಅಂಗಡಿಯ ಶೆಟ್ಟರಲ್ಲಿ ತಮ್ಮ ಹೆಸರಿಗೆ ಕಡ ತಂದು ಜೀಪು ಹೊರಡಿಸಿದರು. ದಾರಿಯುದ್ದಕ್ಕೂ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಿಂದ ಹೆಣ್ಣುಮಗು ಹುಟ್ಟಿತು. ತಾಯಿಯೂ ಬದುಕಿದಳು.

ವರ್ಷದ ಕೊನೆಗೆ ಲೆಕ್ಕ ತಪಾಸಣೆಯವರು ಬಂದರು. ಜೀಪಿನ ಬಾಡಿಗೆಗೆ ರಶೀದಿ ಇರಲಿಲ್ಲ. ಅಧ್ಯಕ್ಷೆಯ ಪೂರ್ವಾನುಮತಿಯೂ ಇರಲಿಲ್ಲ. ಬಾಬ್ತನ್ನು ಒಪ್ಪಲಾಗದೆಂದು ಬರೆದರು. ನರ್ಸಮ್ಮ ತಮ್ಮ ಸಂಬಳದಿಂದ ಆರುನೂರನ್ನು ತುಂಬಿದರು.

“ಎಂಥ ಕಟುಕರು!” ಎಂದಳು ಸೊಸೆ.

“ಹಾಗನ್ನಬೇಡಮ್ಮ. ರಶೀದಿ ಕೇಳದಿದ್ದರೆ ನಾಳೆ ಓಡದ ಜೀಪಿಗೂ ಬಾಡಿಗೆ ಬರೆಯುವವರು ಹುಟ್ಟುತ್ತಾರೆ. ಆ ಮನುಷ್ಯ ತನ್ನ ಕೆಲಸ ಮಾಡಿದ. ತಪ್ಪು ನಡೆದದ್ದು ಆಮೇಲೆ, ಅದನ್ನು ಮಾಡಿದವಳು ನಾನು.”

ಮರುವರ್ಷ ನರ್ಸಮ್ಮ ಹೆದರಿದರು. ಹೆಂಚು ಸೋರಿದರೂ ಹಣ ಮುಟ್ಟಲಿಲ್ಲ. ಕೋಣೆ ತೊಳೆಯಲು ಕೂಲಿಯವಳನ್ನು ಕರೆಯದೆ ತಾವೇ ತೊಳೆದರು. ಮಾರ್ಚ್ ಬಂದಾಗ ಖಾತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಹಾಗೆಯೇ ಉಳಿದಿತ್ತು. ಬಳಕೆಯ ಪ್ರಮಾಣಪತ್ರ ಕೇಳಿದ ಮೇಲಧಿಕಾರಿಗಳು, ಖರ್ಚಾಗಿಲ್ಲವೆಂದರೆ ನಿಮಗೆ ಅಗತ್ಯವಿಲ್ಲವೆಂದೇ ಅರ್ಥ, ಎಂದರು. ಸೋರುವ ಸೂರಿನ ಕೆಳಗೆ ನಿಂತು ಆ ಮಾತನ್ನು ಕೇಳಿದ ದಿನವನ್ನು ಅಜ್ಜಿ ಮರೆತಿರಲಿಲ್ಲ. ಹಣ ಕೊಡುವುದು ಒಂದು. ಅದನ್ನು ಖರ್ಚು ಮಾಡುವ ಧೈರ್ಯ ಕೊಡುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದು ಬ್ಯಾಂಕಿನ ಪುಸ್ತಕದಲ್ಲಿ ಕೊಳೆಯುತ್ತದೆ.

ದಾರಿ ತೋರಿಸಿದವರು ಅಧ್ಯಕ್ಷೆಯೇ. ಓದು ಬಾರದಿದ್ದರೂ ಲೋಕ ಬಲ್ಲ ಹೆಂಗಸು. ಪಂಚಾಯಿತಿಯ ಸಭೆಯಲ್ಲಿ ನಿರ್ಣಯ ಮಾಡಿಸಿದರು: ಒಂದು ಸಾವಿರ ರೂಪಾಯಿ ಸದಾ ನರ್ಸಮ್ಮನ ಕೈಯಲ್ಲಿರಬೇಕು, ತುರ್ತಿನಲ್ಲಿ ಮೊದಲು ಖರ್ಚು, ಆಮೇಲೆ ಲೆಕ್ಕ, ರಶೀದಿ ದೊರೆಯದಿದ್ದರೆ ಊರಿನ ಇಬ್ಬರ ಸಾಕ್ಷಿ ರುಜು. ಆ ಮೇಲೆ ಲೆಕ್ಕ ತಪಾಸಣೆಯವರೂ ತಕರಾರು ಮಾಡಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಕಾಗದ. ಅದನ್ನು ಮುಂದಾಗಿ ಯೋಚಿಸಿ ಬರೆದಿಡುವವರು ಬೇಕಾಗಿದ್ದರು, ಅಷ್ಟೇ.

“ಚಿಕ್ಕ ಹಣದ ಕಥೆ ಆಸ್ಪತ್ರೆಗೆ ಮಾತ್ರವಲ್ಲ,” ಎಂದು ಅಜ್ಜಿ ಮುಂದುವರಿಸಿದರು. ಉಪಕೇಂದ್ರದ ಎದುರು ಒಬ್ಬ ಮುದುಕಿ ಇದ್ದಳು, ನೋಡಿಕೊಳ್ಳುವ ಮಕ್ಕಳಿಲ್ಲ. ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನ 1995ರಲ್ಲಿ ತಿಂಗಳಿಗೆ 75 ರೂಪಾಯಿಯಿಂದ ಆರಂಭವಾಯಿತು. 2006ರಲ್ಲಿ 200 ಆಯಿತು. ಎಂಬತ್ತು ದಾಟದವರ ಪಾಲಿಗೆ ಹದಿನೈದು ವರ್ಷ ಕಳೆದ ಮೇಲೂ ಅದು 200 ಆಗಿಯೇ ಉಳಿಯಿತು. 2007ರಲ್ಲಿ ನಮ್ಮ ರಾಜ್ಯ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ 400 ರೂಪಾಯಿ ಆ ಮುದುಕಿಗೆ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಒಮ್ಮೆ ಎರಡು ತಿಂಗಳು ಬರಲೇ ಇಲ್ಲ. ಮೂರನೆಯ ತಿಂಗಳು ಎಲ್ಲವೂ ಒಟ್ಟಿಗೆ ಬಂದಿತು.

“ಬಂತಲ್ಲ ಅಜ್ಜಿ, ಒಂದು ಕಾಸೂ ಬಿಡದೆ,” ಎಂದರಂತೆ ನರ್ಸಮ್ಮ.

“ಬಂತು ತಾಯಿ. ಆದ್ರೆ ಹಸಿವು ಮೂರು ತಿಂಗಳಿಗೊಂದು ಸಲ ಬರೋದಲ್ಲವಲ್ಲ,” ಎಂದಳಂತೆ ಮುದುಕಿ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಸಂವಿಧಾನದ ಪ್ರಕಾರ ಜನಾರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಹೊಣೆ. ಈ ಅಭಿಯಾನದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 2015ರಿಂದೀಚೆಗೆ 60ಕ್ಕೆ 40ರಂತೆ ಹಂಚಿಕೊಳ್ಳುತ್ತ ಬಂದಿವೆ. ಯಾರ ಪಾಲು ಎಷ್ಟು, ಯಾರದು ಮೊದಲು ಬರಬೇಕು ಎಂಬ ಚರ್ಚೆ ಅವಶ್ಯವೇ. ಮೊತ್ತ ಹೆಚ್ಚಬೇಕೆಂಬುದರಲ್ಲಿಯೂ ಸಂದೇಹವಿಲ್ಲ. ತಲೆಗೆ ಮೂರು ರೂಪಾಯಿಯಲ್ಲಿ ಯಾವ ನಾಡೂ ಆರೋಗ್ಯವನ್ನು ಕೊಂಡುಕೊಂಡಿಲ್ಲ. ಆದರೆ ನೋವು ತಿನ್ನುವ ಬಸುರಿಗೂ ಬಾಗಿಲಲ್ಲಿ ಅಂಚೆಯವನನ್ನು ಕಾಯುವ ಮುದುಕಿಗೂ ಸರ್ಕಾರವೆಂದರೆ ಸೊನ್ನೆಗಳ ಸಾಲಲ್ಲ. ಹೊತ್ತಿಗೆ ಸರಿಯಾಗಿ ಕೈಗೆ ಬಂದ ಹಣವೇ ಅವರ ಪಾಲಿನ ಸರ್ಕಾರ.

“ಆ ಆರುನೂರು ಆಮೇಲೆ ವಾಪಸು ಬಂತೇ ಅಮ್ಮ?” ಎಂದು ಮಗ ಕೇಳಿದರು.

“ಇಲ್ಲಪ್ಪ.” ಅಜ್ಜಿ ಪುಸ್ತಕ ಮುಚ್ಚಿ ಮತ್ತೆ ಹುರುಳಿಕಾಯಿಯ ಬುಟ್ಟಿ ಎಳೆದುಕೊಂಡರು. “ಹೋದ ಯುಗಾದಿಗೆ ಒಬ್ಬಳು ಹುಡುಗಿ ಬಂದು ಕಾಲಿಗೆ ಬಿದ್ದು ಹೋದಳಲ್ಲ, ಕಾಲೇಜು ಸೇರಿದೆ ಅಂತ? ಅವಳೇ ಆ ಜೀಪಿನವಳು.”

ಹುಡುಗ ತನ್ನ ಭಾಷಣದ ಹಾಳೆಯನ್ನು ಮುಂದಕ್ಕೆಳೆದುಕೊಂಡ. ಕೋಟಿಗಳ ಸಾಲನ್ನು ಹೊಡೆದುಹಾಕಲಿಲ್ಲ. ಅದನ್ನು ಎರಡನೆಯ ಪುಟಕ್ಕೆ ಇಳಿಸಿ, ಮೊದಲನೆಯ ಸಾಲಿನಲ್ಲಿ ನೀಲಿ ಬಟ್ಟೆಯ ಪರದೆಯೊಂದರ ಬೆಲೆಯನ್ನು ಬರೆದ.