‘ನಾಕ್ ಆಫ್’ ಅಂದರೆ ಬಡಿಯುವುದು ಮಾತ್ರವಲ್ಲ

ಗಲ್ಫಿಗೆ ಹೊರಟ ನಮ್ಮ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಅರ್ಜಿ ಬರೆಯುತ್ತಾರೆ, ಯಂತ್ರದ ಮ್ಯಾನುವಲ್ ಓದುತ್ತಾರೆ. ತೊಡಕಾಗುವುದು ಶಾಲೆಯ ಪುಸ್ತಕದಲ್ಲಿಲ್ಲದ ಆಡುಮಾತಿನಲ್ಲಿ. ಅಂಥದ್ದೊಂದು ‘ನಾಕ್ ಆಫ್’.

‘ನಾಕ್’ ಎಂದರೆ ಬಡಿಯುವುದು. ಹಾಗಾಗಿ ‘ನಾಕ್ ಆಫ್’ಗೆ ಬಡಿದು ಬೀಳಿಸುವುದು ಎಂಬ ಅರ್ಥ ಇದ್ದೇ ಇದೆ. ಆದರೆ ಫೋರ್‌ಮನ್ ‘ವಿ ನಾಕ್ ಆಫ್ ಅಟ್ ಫೈವ್’ ಅಂದರೆ ಐದು ಗಂಟೆಗೆ ಕೆಲಸ ಮುಗಿಸುತ್ತೇವೆ ಎಂದು. ಗಿರಾಕಿ ‘ನಾಕ್ ಆಫ್ ಟೆನ್ ರುಪೀಸ್’ ಅಂದರೆ ಹತ್ತು ರೂಪಾಯಿ ಕಡಿಮೆ ಮಾಡಿ ಎಂದು. ಉಪ್ಪನ ಅಂಗಡಿಯಲ್ಲಿ ದಿನವಿಡೀ ನಡೆಯುತ್ತಿದ್ದುದು ಇದೇ ಚೌಕಾಸಿ. ಇನ್ನು, ಒಂದು ಬೇರಿಂಗನ್ನು ತೋರಿಸಿ ‘ಇಟ್ಸ್ ಎ ನಾಕಾಫ್’ ಅಂದರೆ ಅದು ನಕಲಿ ಮಾಲು, ಯಂತ್ರಕ್ಕೆ ಹಾಕಬೇಡಿ ಎಂದರ್ಥ.

‘ನಾಕ್ ಇಟ್ ಆಫ್’ ಎಂಬುದು ಇನ್ನೊಂದು. ‘ಸಾಕು, ನಿಲ್ಲಿಸು’ ಎಂಬ ಗದರಿಕೆ. ಇಲ್ಲಿ ‘ಇಟ್’ ನಡುವೆಯೇ ಬರಬೇಕು. ‘ನಾಕ್ ಆಫ್ ಇಟ್’ ಎಂದು ಯಾರೂ ಹೇಳುವುದಿಲ್ಲ. ಗೆಳೆಯರಲ್ಲಿ ಹೇಳಬಹುದು, ಹಿರಿಯರಿಗೆ, ಮೇಲಿನವರಿಗೆ ಹೇಳಿದರೆ ಉದ್ಧಟತನ.

ನಾನು ಕೆಲಸ ಮಾಡಿದ ಒಂದು ವರ್ಕ್‌ಶಾಪಿನಲ್ಲಿ ತಮಾಷೆ ಮಾಡುತ್ತಿದ್ದವರಿಗೆ ಸೂಪರ್‌ವೈಸರ್ ಹೀಗೆ ಗದರಿದಾಗ, ಊರಿನಿಂದ ಹೊಸದಾಗಿ ಬಂದ ಹುಡುಗ ಸುತ್ತಿಗೆ ಎತ್ತಿಕೊಂಡ. ಎಲ್ಲರೂ ನಕ್ಕರು. ಅಂದಿನಿಂದ ಅವನು ಏನನ್ನೂ ಕೇಳುವುದನ್ನೇ ಬಿಟ್ಟ. ಅರ್ಥವಾಗದಿದ್ದರೂ ‘ಯೆಸ್ ಸರ್’. ತಿರುಗುವ ಯಂತ್ರದ ಪಕ್ಕದಲ್ಲಿ ಅಂಥ ‘ಯೆಸ್ ಸರ್’ ಕೈಬೆರಳನ್ನೇ ತೆಗೆದೀತು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಕನ್ನಡದಲ್ಲಿ ‘ಹೇಳು’ ಬೇರೆ, ‘ಹೇಳಿಕೊಡು’ ಬೇರೆ. ‘ನೋಡು’ ಬೇರೆ, ‘ಮಗುವನ್ನು ನೋಡಿಕೋ’ ಬೇರೆ. ಹಿಂದೆ ಸೇರಿದ ಸಣ್ಣ ಪದ ಅರ್ಥವನ್ನೇ ತಿರುಗಿಸುತ್ತದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ಕಾಸರಗೋಡಿನ ಮಕ್ಕಳು ಇದನ್ನೆಲ್ಲ ನಿಘಂಟು ನೋಡಿ ಕಲಿತವರಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂದು ನೋಡಿ ಕಲಿತವರು. ಇಂಗ್ಲಿಷಿಗೂ ಅದೇ ದಾರಿ. ಸಮಯದ ಜೊತೆ ಬಂದರೆ ಕೆಲಸದ ಮಾತು, ಹಣದ ಜೊತೆ ಬಂದರೆ ಕ್ರಯದ ಮಾತು.

ಆದರೂ ಸಂಶಯ ಉಳಿದರೆ ‘ಯು ಮೀನ್, ಸ್ಟಾಪ್ ವರ್ಕ್?’ ಎಂದು ತನಗೆ ತಿಳಿದದ್ದನ್ನು ಮುಂದಿಟ್ಟು ಕೇಳಬೇಕು. ಕೇಳುವವನನ್ನು ನೋಡಿ ನಗದಿರುವುದು ಮೊದಲೇ ಹೋಗಿ ನೆಲೆನಿಂತ ನಮ್ಮವರ ಜವಾಬ್ದಾರಿ.