ಕಂದಲಗಾಂವದ ಎರೆಹೊಲಗಳಲ್ಲಿ

ಸೊಲ್ಲಾಪುರದ ದಕ್ಷಿಣಕ್ಕೆ, ಸೀನಾ ಮತ್ತು ಭೀಮಾ ನದಿಗಳ ನಡುವೆ ಹರಡಿದ ಎರೆಸೀಮೆಯ ಊರು ಕಂದಲಗಾಂವ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಜಿಲ್ಲೆಗೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ. ಅದರಲ್ಲಿಯೂ ಸೆಪ್ಟೆಂಬರಿನ ಮಳೆಯೇ ಮುಖ್ಯ.

ಇಷ್ಟರಲ್ಲಿಯೇ ನಮ್ಮ ಹಿರಿಯರು ಬಾಳಿದುದು ಮಣ್ಣಿನ ಗುಣವನ್ನು ಅರಿತುದರಿಂದ. ಬೇಸಿಗೆಯಲ್ಲಿ ಬಿರಿದು ಬಾಯ್ದೆರೆಯುವ ಎರೆಭೂಮಿ ಮಳೆನೀರನ್ನು ಆಳಕ್ಕೆ ಇಳಿಸಿಕೊಂಡು, ಒಡ್ಡು ಹಾಕಿದ ಹೊಲದಲ್ಲಿ ತಿಂಗಳುಗಟ್ಟಲೆ ಹಸಿಯನ್ನು ಕಾಯುತ್ತದೆ. ಮಳೆ ಹಿಂಜರಿಯುವಾಗ ಬಿತ್ತಿದ ಹಿಂಗಾರಿಯ ಮಾಲದಂಡಿ ಜೋಳ ಆ ಹಸಿಯನ್ನೇ ನೆಚ್ಚಿ ತೆನೆಗಟ್ಟುತ್ತದೆ. ಕಾಳು ಮನೆಗೆ, ಕಣಿಕೆ ದನಗಳಿಗೆ.

ಭೀಮೆಗೆ ಅಡ್ಡಲಾಗಿ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. 1972ರ ಬರವನ್ನು ಉಂಡವರಿಗೆ ಕಾಲುವೆಯ ನೀರು ವರವಾಗಿ ತೋರಿದುದು ಸಹಜ. ಆದರೆ ನೀರಿನ ಹಿಂದೆಯೇ ಕಬ್ಬು ಹಬ್ಬಿತು, ಸಕ್ಕರೆ ಕಾರಖಾನೆಗಳು ಹೆಚ್ಚಿದವು. ವರ್ಷವಿಡೀ ನೀರು ಬೇಡುವ ಈ ಬೆಳೆಗೆ ಕಾಲುವೆ ಸಾಲದಾದಾಗ ಬೋರುಗಳು ಭೂಮಿಯ ಒಡಲಿಗಿಳಿದವು. ನೀರು ಮಿತಿಮೀರಿದ ಎರೆಯಲ್ಲಿ ಸವಳು ಏಳುತ್ತದೆ. ಬಳಿಕ ಅಲ್ಲಿ ಜೋಳವೂ ಚೆನ್ನಾಗಿ ಬಾರದು. ಹಾಗೆಂದು ರೈತನನ್ನು ದೂರಲಾದೀತೆ? ಕಬ್ಬಿಗೆ ಗೊತ್ತುಪಡಿಸಿದ ದರವುಂಟು, ಕೊಳ್ಳುವ ಕಾರಖಾನೆಯುಂಟು; ಜೋಳಕ್ಕೆ ಅಂಥ ಆಸರೆ ಎಲ್ಲಿದೆ?

ಮಳೆಯೂ ತನ್ನ ನಡೆಯನ್ನು ಬದಲಿಸುತ್ತಿದೆ. ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟು ಹೆಚ್ಚಿದುವೆಂದು ಪುಣೆಯ ಹವಾಮಾನ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. ಸೊಲ್ಲಾಪುರ ಸೀಮೆ ಎರಡು ಅತಿಗಳನ್ನೂ ಕಂಡಿದೆ: 2013ರಲ್ಲಿಯೂ 2016ರಲ್ಲಿಯೂ ಬರ, 2020ರ ಅಕ್ಟೋಬರಿನಲ್ಲಿ ಭೀಮೆಯ ಪ್ರವಾಹ, 2025ರ ಸೆಪ್ಟೆಂಬರಿನಲ್ಲಿ ಸೀನೆಯ ಮಹಾಪೂರ. ಒಮ್ಮೆಲೇ ಸುರಿದ ಮಳೆ ಒಡ್ಡನ್ನು ಒಡೆದು, ಮೇಲ್ಮಣ್ಣನ್ನೂ ಹೊತ್ತೊಯ್ಯುತ್ತದೆ.

ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೈರಿನ ನಡುವೆ ಚರಗ ಚೆಲ್ಲಿ ಉಣ್ಣುವುದು ಗಡಿಯ ಎರಡೂ ಬದಿಯ ನಮ್ಮವರ ಸಂಪ್ರದಾಯ. ಈ ಮಾತು ತೆಗೆದಾಗ ಇಲ್ಲಿಯ ವೃದ್ಧೆಯೊಬ್ಬರು ನಮಗೆ ಹೇಳಿದರು: “ಕಬ್ಬಿನ್ಯಾಗ ಚರಗ ಚೆಲ್ಲೂದು ಹ್ಯಾಂಗ್ರಿ? ಒಳಗ ಹೋಗಾಕ ಹಾದೀನ ಇಲ್ಲ.” ಒಂದು ಬೆಳೆ ಹೋದರೆ ಕಾಳೊಂದೇ ಹೋಗುವುದಿಲ್ಲ, ದನದ ಮೇವು, ಹಬ್ಬದ ಹಾದಿ, ಮಕ್ಕಳ ಬಾಯಿಯ ಸೀತನಿ ಎಲ್ಲವೂ ಹೋಗುತ್ತವೆ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದು ಇದೇ ಬಿಸಿಲ ನಾಡಿನಲ್ಲಿ. ಬಿದ್ದ ಮಳೆಯನ್ನು ನೆಲದಲ್ಲಿ ನಿಲ್ಲಿಸುವುದೇ ಇಲ್ಲಿಯ ಬದುಕಿನ ಮೂಲವೆಂಬುದನ್ನು ಆ ಕೆರೆ ಇಂದಿಗೂ ಸಾರುತ್ತಿದೆ. ಕಬ್ಬನ್ನು ಒಮ್ಮೆಲೇ ತೊರೆಯುವುದು ಯಾರಿಗೂ ಸಾಧ್ಯವಾಗದು. ಆದರೆ ಹರಿದ ಒಡ್ಡನ್ನು ಕಟ್ಟುವುದು, ಕಬ್ಬಿಗೆ ಹನಿ ನೀರಾವರಿ ಹೂಡುವುದು, ಹೊಲದ ಒಂದು ಪಟ್ಟಿಯನ್ನಾದರೂ ಜೋಳಕ್ಕೆ ಮೀಸಲಿಡುವುದು ಪ್ರತಿಯೊಂದು ಮನೆತನಕ್ಕೂ ಸಾಧ್ಯ. ಮುಂದಿನ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಅಷ್ಟು ನೆಲವಾದರೂ ಉಳಿಯಲಿ.