ದೊಡ್ಡ ಮೀನು ಅಂದ್ರೆ ಎಷ್ಟು ದೊಡ್ಡದು?

ಫ್ಲಾರಿಡಾದಲ್ಲಿರುವ ನಮ್ಮ ಭಾವ ಹೋದ ತಿಂಗಳು ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೊ ಹಾಕಿದರು. ಅಗಲ ಬಾಯಿಯ, ಹಸಿರು ಮೈಯ ಮೀನೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಗುತ್ತಿದ್ದಾರೆ. ಕೆಳಗೆ, ‘ಲಾರ್ಜ್‌ಮೌತ್ ಬಾಸ್, ಎಂಟೂಕಾಲು ಪೌಂಡ್, ಟ್ರೋಫಿ!’ ಅಲ್ಲಿ ಎಂಟು ಪೌಂಡ್ ಮುಟ್ಟಿದ ಬಾಸ್ ಹಿಡಿದು, ತಕ್ಕಡಿ ಸಮೇತ ಫೋಟೊ ತೆಗೆದು, ಮೀನನ್ನು ವಾಪಸ್ ನೀರಿಗೆ ಬಿಟ್ಟರೆ ಸರ್ಕಾರದವರೇ ಸರ್ಟಿಫಿಕೇಟ್ ಕೊಡುತ್ತಾರಂತೆ.

ಶಿಡ್ಲಘಟ್ಟದ ಹತ್ತಿರ ನಮ್ಮೂರಿನ ಮನೆಯಲ್ಲಿ ಅಪ್ಪ ಕನ್ನಡಕ ಏರಿಸಿ ನೋಡಿದರು. “ಎಂಟು ಪೌಂಡು ಅಂದ್ರೆ ಎಷ್ಟಪ್ಪಾ?”

“ಮೂರೂವರೆ ಕೆ.ಜಿ. ಮೇಲೆ ಸ್ವಲ್ಪ.”

“ಅಷ್ಟಕ್ಕೇನಾ ಸರ್ಟಿಫಿಕೇಟು? ನನ್ ಮದ್ವೆ ವರ್ಷ ನಮ್ ಕೆರೇಲಿ ಹಿಡಿದ ಕಾಟ್ಲಾದು ತಲೇನೇ ಅಷ್ಟಿತ್ತು.”

ಅಪ್ಪನ ಮಾತಲ್ಲಿ ಅರ್ಧ ತೆಗೆದರೂ ಲೆಕ್ಕ ದೊಡ್ಡದೇ. ಆದರೆ ನನಗೆ ನಂಬೋಕೆ ಕಷ್ಟವಾಗಿದ್ದು ಮೀನಿನ ತೂಕ ಅಲ್ಲ, ಆ ಕೆರೆಯಲ್ಲಿ ಮೀನಿತ್ತು ಅನ್ನೋದು. ನನಗೆ ಬುದ್ಧಿ ಬಂದಾಗಿನಿಂದ ಅದು ನಮ್ಮ ಕ್ರಿಕೆಟ್ ಮೈದಾನ. ತೂಬಿನ ಕಲ್ಲೇ ನಮ್ಮ ಪೆವಿಲಿಯನ್. ಸಾವಿರದ ಇನ್ನೂರು ಅಡಿ ಬೋರ್ ಕೊರೆದರೂ ಧೂಳು ಹಾರುತ್ತಿದ್ದ ಕಾಲದಲ್ಲಿ ಬೆಳೆದವರು ನಾವು.

ಬಾಸ್ ಬಗ್ಗೆ ಆ ರಾತ್ರಿ ಓದುತ್ತಾ ಕೂತೆ. ಎಂಟು ಪೌಂಡ್ ಅನ್ನೋದು ಫ್ಲಾರಿಡಾದ ಅಳತೆ. ಅಮೆರಿಕದ ಉತ್ತರದ ಚಳಿ ರಾಜ್ಯಗಳಲ್ಲಿ ಕೆರೆ ಹೆಪ್ಪುಗಟ್ಟಿ ಮೀನು ಬೆಳೆಯುವ ತಿಂಗಳುಗಳೇ ಕಡಿಮೆ, ಹಾಗಾಗಿ ಅಲ್ಲಿ ಐದು ಪೌಂಡಿಗೇ ಊರೆಲ್ಲ ಸುದ್ದಿ. ಟೆಕ್ಸಾಸ್‌ನಲ್ಲಿ ಹದಿಮೂರು ಪೌಂಡ್ ದಾಟಿದರೆ ಅದನ್ನು ಮರಿ ಮಾಡಿಸೋಕೆ ಸರ್ಕಾರಿ ಮೀನುಮರಿ ಕೇಂದ್ರಕ್ಕೆ ಸಾಲ ಕೊಡಬಹುದು. ವಿಶ್ವದಾಖಲೆ 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದ, ಇಪ್ಪತ್ತೆರಡು ಪೌಂಡ್ ನಾಲ್ಕು ಔನ್ಸಿನ ಮೀನಿನದು. ಅದನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬಿವಾ ಸರೋವರದ ಒಂದು ಬಾಸ್. ತಮಾಷೆ ಅಂದ್ರೆ ಬಿವಾದಲ್ಲಿ ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳನ್ನು ನುಂಗುತ್ತಿರುವ ಶತ್ರು. ಹಿಡಿದದ್ದನ್ನು ವಾಪಸ್ ಬಿಡೋದೇ ಅಲ್ಲಿ ತಪ್ಪು. ಭಾವನಿಗೆ ಸರ್ಟಿಫಿಕೇಟ್ ತಂದುಕೊಡುವ ಕೆಲಸಕ್ಕೆ ಅಲ್ಲಿ ಬೈಗುಳ.

ಹಾಗಾದರೆ ನಮ್ಮ ಕಡೆ ದೊಡ್ಡ ಮೀನು ಅಂದ್ರೆ ಎಷ್ಟು? ಶನಿವಾರ ಬೆಳಿಗ್ಗೆ ಬೈಕ್ ತೆಗೆದೆ.

ಶಿಡ್ಲಘಟ್ಟದಲ್ಲೇ ಶುರು. ನೂಲು ಬಿಚ್ಚುವ ಘಟಕಗಳ ಬೀದಿಗೆ ಹೋದವರಿಗೆ ಆ ವಾಸನೆ ಗೊತ್ತು. ಗೂಡಿನಿಂದ ರೇಷ್ಮೆ ತೆಗೆದ ಮೇಲೆ ಒಳಗೆ ಉಳಿಯುವ ಬೆಂದ ಹುಳು ಕೋಳಿಗೂ ಮೀನಿಗೂ ಮೇವಾಗಿ ಹೋಗುತ್ತೆ. ಇಲ್ಲಿನ ಹುಡುಗರು ಅದನ್ನೇ ಗಾಳಕ್ಕೂ ಸಿಕ್ಕಿಸುತ್ತಾರೆ. ಏರಿ ಮೇಲೆ ಗಾಳ ಹಾಕಿ ಕೂತಿದ್ದವನನ್ನು ಕೇಳಿದೆ. “ಜಿಲೇಬಿ ಅಂಗೈ ಅಗಲ ಇದ್ರೆ ದೊಡ್ಡದಣ್ಣ. ಕೊರಮೀನು ಮೊಳ ಇದ್ರೆ ದೊಡ್ಡದು. ಕಾಟ್ಲಾ ಆದ್ರೆ ಗಾಳಾನೇ ಕಿತ್ಕೊಂಡೋಗ್ಬೇಕು.” ಬಿಡಿಸಿ ಹೇಳೋಕೆ ಇನ್ನೇನಿದೆ?

ಚಿಂತಾಮಣಿಯಲ್ಲಿ ಮೀನಿನ ಅಂಗಡಿಯ ಅಕ್ಕ ನನ್ನ ಪ್ರಶ್ನೆಗೆ ಮುಖ ಸಿಂಡರಿಸಿದರು. “ಪೆದ್ದ ಚೇಪ ಎವರು ಕೊಂಟಾರು?” ಅಂದರು ಮೊದಲು ತೆಲುಗಲ್ಲಿ, ಆಮೇಲೆ ನನಗೋಸ್ಕರ ಕನ್ನಡದಲ್ಲಿ: “ದೊಡ್ಡದು ತಂದ್ರೆ ಕುಯ್ದು ಮಾರ್ಬೇಕಪ್ಪಾ. ಒಬ್ರು ತಲೆ ಬೇಕು ಅಂತಾರೆ, ಒಬ್ರು ಬಾಲ ಬೇಡ ಅಂತಾರೆ. ಒಂದೂವರೆ ಕೆ.ಜಿ.ದೇ ಸರಿ, ಒಂದು ಮನೆಗೆ ಒಂದು ಮೀನು.” ಅವರ ಐಸ್ ಪೆಟ್ಟಿಗೆಯಲ್ಲಿದ್ದದ್ದು ಆಂಧ್ರದ ಮೀನು, ಲಾರಿಯಲ್ಲಿ ರಾತ್ರಿ ಬಂದದ್ದು. ಅಂದ ಹಾಗೆ, ನಮ್ಮದು ಅಂತ ನಾವು ಅಂದುಕೊಂಡಿರುವ ಕಾಟ್ಲಾ, ರೋಹು ಕೂಡ ಮೂಲತಃ ಗಂಗೆಯ ಕಡೆಯವು. ಮರಿ ತಂದು ಬಿಟ್ಟು ದಕ್ಷಿಣದ ಕೆರೆಗಳಿಗೆ ಬಂದವು.

ದೊಡ್ಡದರ ನಿಜವಾದ ಲೆಕ್ಕ ನನಗೆ ಹೇಳಿಕೊಟ್ಟದ್ದು ಚಿಕ್ಕಬಳ್ಳಾಪುರದ ಹತ್ತಿರದ ಒಂದು ಕೆರೆಯಲ್ಲಿ ಬಲೆ ಒಣಗಿಸುತ್ತಿದ್ದ ಯಜಮಾನರು. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗುತ್ತೆ, ಇವರು ಗುತ್ತಿಗೆದಾರರ ಕಡೆಯವರು.

“ಮೀನು ತೂಕ ನೋಡಿದ್ರೆ ಕೆರೇಲಿ ಎಷ್ಟ್ ವರ್ಷ ನೀರು ನಿಂತಿತ್ತು ಅಂತ ಹೇಳ್ಬೋದು ಸಾಮಿ. ಮಳೆಗಾಲ ಕಳೀತಿದ್ದಂಗೆ ಮರಿ ಬಿಡ್ತೀವಿ. ಬೇಸಿಗೆಗೆ ಕೆರೆ ಒಣಗಿದ್ರೆ ಮುಕ್ಕಾಲು ಕೆ.ಜಿ., ಒಂದು ಕೆ.ಜಿ. ಅಷ್ಟೇ. ಕೆರೆ ಒಣಗ್ಲಿಲ್ಲ ಅಂದ್ರೆ ಅದೂ ನಿಲ್ಲಲ್ಲ, ಬೆಳೀತಾ ಹೋಗ್ತದೆ.”

ಉತ್ತರದವರಿಗೆ ಹಿಮ ಹೇಗೋ ನಮಗೆ ಬೇಸಿಗೆ ಹಾಗೆ. ನನ್ನ ಬಾಲ್ಯದ ಇಪ್ಪತ್ತು ವರ್ಷ ಈ ಸೀಮೆಯ ಎಷ್ಟೋ ಕೆರೆಗಳಲ್ಲಿ ಒಂದು ಮೀನಿಗೂ ಎರಡನೇ ಹುಟ್ಟುಹಬ್ಬ ಬರಲಿಲ್ಲ.

ಈಗ ಬರುತ್ತಿದೆ. ಯಾಕೆ ಅನ್ನೋದು ಜಿಲ್ಲೆಯವರಿಗೆಲ್ಲ ಗೊತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತಂದು ಕೆರೆ ತುಂಬಿಸುವ ಯೋಜನೆ. ಕೆ.ಸಿ. ವ್ಯಾಲಿ ನೀರು 2018ರಲ್ಲಿ ಮೊದಲು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಆ ಯೋಜನೆಯಲ್ಲಿ ಚಿಂತಾಮಣಿಯ ಕೆಲವು ಕೆರೆಗಳೂ ಇವೆ. ಹೆಬ್ಬಾಳ–ನಾಗವಾರ ಕಡೆಯ ಎಚ್.ಎನ್. ವ್ಯಾಲಿ ನೀರು ಕಂದವಾರ ಕೆರೆ ಸೇರಿ ನಮ್ಮ ಜಿಲ್ಲೆಯ 44 ಕೆರೆಗಳ ಪಟ್ಟಿಗೆ. ಅಂತರ್ಜಲ ಮೇಲೆ ಬಂತು, ತೋಟ ಉಳೀತು ಅನ್ನೋ ರೈತರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಆಗಲೇಬೇಕು ಅಂತ ಕೋರ್ಟಿನವರೆಗೆ ಹೋದ ನೀರಾವರಿ ಹೋರಾಟಗಾರರೂ ಇದ್ದಾರೆ. ನಾನು ಎರಡನೆಯವರ ಕಡೆ. ಒಣ ಕೆರೆ ನೋಡಿ ಬೆಳೆದವನಾದ್ದರಿಂದ ಮೊದಲನೆಯವರ ಮೇಲೂ ಕೋಪ ಬರಲ್ಲ.

ಏರಿ ಮೇಲೆ ಬೆಂಗಳೂರಿನಿಂದ ಬಂದ ಇಬ್ಬರು ರಾಡು, ರೀಲು ಇಟ್ಟುಕೊಂಡು ಕೂತಿದ್ದರು. ಒಬ್ಬರು ಮೊಬೈಲಿನಲ್ಲಿ ಏಳು ಕೆ.ಜಿ. ಕಾಟ್ಲಾ ತೋರಿಸಿದರು. ಭಾವನ ಬಾಸ್‌ಗಿಂತ ಹತ್ತಿರ ಹತ್ತಿರ ಎರಡರಷ್ಟು.

“ಏನ್ಮಾಡಿದ್ರಿ?”

“ಬಿಟ್ಬಿಟ್ಟೆ ಬ್ರೋ. ಕ್ಯಾಚ್ ಆ್ಯಂಡ್ ರಿಲೀಸ್.” ಸ್ವಲ್ಪ ತಡೆದು, “ಈ ನೀರಿಂದು ತಿನ್ನೋಕೆ ಮನಸ್ಸು ಬರಲ್ಲ” ಅಂದರು.

ಯಜಮಾನರು ಬಲೆಯಿಂದ ತಲೆ ಎತ್ತದೆ ನಕ್ಕರು. “ಅವ್ರೂರ್ ನೀರೇ ಸಾಮಿ ಅದು.”

ಅಲ್ಲೇ ದಡದ ಕಲ್ಲಿನ ಮೇಲೆ ಮೀಸೆ ಇರುವ ಕಪ್ಪು ಮೀನೊಂದು ಸತ್ತು ಬಿದ್ದಿತ್ತು. ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮಲ್ಲಿ ಅದರ ಸಾಕಣೆಗೆ ನಿಷೇಧ ಇದೆ, ಆದರೂ ಕೆರೆ ಸೇರಿದೆ. ನಾಲ್ಕೈದು ಕೆ.ಜಿ. ಇದ್ದಿರಬೇಕು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ಕರ್ನಾಟಕದ ನಿಜವಾದ ಟ್ರೋಫಿ ಬೇಕು ಅಂದ್ರೆ ಕಾವೇರಿ ಕಡೆ ಹೋಗಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆ.ಜಿ. ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಇಲ್ಲದ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ದಾಖಲೆ ಮುರಿಯೋದು ಹಾಗಿರಲಿ, ಮೀನು ಉಳಿದರೆ ಸಾಕು.

ಭಾನುವಾರ ಗೌರಿಬಿದನೂರಿಗೆ ಹೋದೆ. ಹೊಟ್ಟೆ ತುಂಬ ತಿಂಡಿ ತಿಂದು, ವಿದುರಾಶ್ವತ್ಥದ ಕಡೆ ಉತ್ತರ ಪಿನಾಕಿನಿ ದಡಕ್ಕೆ ಇಳಿದೆ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟುವ ನದಿ. ನನ್ನ ವಯಸ್ಸಿನವರು ಇದನ್ನು ನೋಡಿದ್ದು ಹೆಚ್ಚಾಗಿ ಜಾಲಿ ಗಿಡ ಬೆಳೆದ ಹಳ್ಳವಾಗಿಯೇ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ಈ ನದಿಗೂ ನೀರು ಬಂದು, ಜನ ಸೇತುವೆ ಮೇಲೆ ನಿಂತು ವಿಡಿಯೊ ಮಾಡಿದ್ದರು. ನಾನು ಹೋದ ದಿನ ಗುಂಡಿಗಳಲ್ಲಿ ಮಾತ್ರ ಮಳೆ ನೀರು. ಸೊಳ್ಳೆ ಪರದೆ ತುಂಡು ಹಿಡಿದ ಇಬ್ಬರು ಹುಡುಗರು ಒಂದು ಗುಂಡಿ ಜಾಲಾಡುತ್ತಿದ್ದರು. ನೀರಿನ ಬಾಟಲಿಯಲ್ಲಿ ಬೆರಳುದ್ದದ ಏಳೆಂಟು ಮೀನು.

“ಇದ್ರಲ್ಲಿ ದೊಡ್ಡದ್ಯಾವ್ದೋ?”

ಚಿಕ್ಕವನು ಬಾಟಲಿ ತಿರುಗಿಸಿ ಹುಡುಕಿ ತೋರಿಸಿದ. ನನಗೆ ಎಲ್ಲಾ ಒಂದೇ ಥರ ಕಂಡವು.

ಮನೆಗೆ ಬಂದು ಅಪ್ಪನಿಗೆ ಏಳು ಕೆ.ಜಿ. ಕಾಟ್ಲಾ ಫೋಟೊ ತೋರಿಸಿದೆ. ಬೇಡ ಅಂದರೂ ಅವರು ಕಳಿಸಿಕೊಟ್ಟಿದ್ದರು. ಅಪ್ಪ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಮುದ್ದೆ, ಮೀನು ಸಾರು ಅಂದ್ರೆ ಪ್ರಾಣ ಬಿಡುವ ಮನುಷ್ಯ. ಪೈಪಿನ ನೀರು ಬಂದ ಮೇಲೆ ಕೆರೆ ಮೀನು ಮನೆಗೆ ತಂದಿಲ್ಲ.

“ನಮ್ ಕೆರೆಗೆ ಇನ್ನೂ ಆ ನೀರು ಬಂದಿಲ್ಲ ಅಲ್ವಾ?” ಅಂದರು.

“ಇಲ್ಲ.”

“ಈಗಿರೋದು ಮಳೆ ನೀರು. ಮರಿ ಬಿಟ್ಟಿದಾರೆ.” ಫೋನ್ ವಾಪಸ್ ಕೊಟ್ಟರು. “ಬೇಸಿಗೇಲಿ ಬಲೆ ಹಾಕ್ತಾರೆ, ರಜೆ ಹಾಕ್ಕೊಂಡ್ ಬಾ. ಒಂದ್ ಕೆ.ಜಿ. ಬಂದ್ರೂ ಸಾಕು.”